ಬಸುರು ಇಳಿದಾಗ: ಒಂದು ಗುಳಿಗೆ ನಮ್ಮ ಕೇರಿಗೆ ಬಂದ ದಾರಿ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಗಂಡಸರು ಇದು ಹೆಂಗಸರ ವಿಷಯ ಅಂತ ಸರಿಸಿ ಹೋಗಬೇಡಿ, ನಿಮಗಾಗಿಯೇ ಬರೀತಾ ಇದೀನಿ.

ಹೋದ ಮಳೆಗಾಲದಲ್ಲಿ ನನ್ನ ಅಣ್ಣನ ಮಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಅವಳು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಎರಡು ತಿಂಗಳ ಬಸುರಿ. ಸ್ಕ್ಯಾನಿಂಗ್‌ನಲ್ಲಿ ಗರ್ಭಕ್ಕೆ ಬಡಿತ ಇಲ್ಲ ಅಂದಿದ್ದಾರೆ. ಡಾಕ್ಟರು ಎರಡು ದಾರಿ ಹೇಳಿದ್ದಾರೆ, ಗುಳಿಗೆ ಕೊಡಬಹುದು, ಇಲ್ಲಾ ಅಂದ್ರೆ ಒಳಗೆ ಕ್ಲೀನ್ ಮಾಡಬಹುದು. ಅತ್ತೆ ಮಾತ್ರ "ತೊಳಸಿ ಕಳಿಸಿಬಿಡ್ರಿ, ಗುಳಿಗಿ ಗಿಳಿಗಿ ಬ್ಯಾಡ" ಅಂದಿದ್ದಾಳೆ. ಹುಡುಗಿ ನನ್ನ ಕೇಳಿದ್ದು ಒಂದೇ ಮಾತು: "ಅತ್ತಿ, ಗುಳಿಗಿ ತಗೊಂಡ್ರ ನಂಗೇನರ ಆಕ್ಕತೇನು?"

ಇಪ್ಪತ್ತು ವರ್ಷದಿಂದ ಸಭೆ, ಧರಣಿ, ಮನವಿ ಪತ್ರ ಅಂತ ಓಡಾಡಿದ ನನಗೆ ಉತ್ತರ ಗೊತ್ತಿರಲಿಲ್ಲ. ಆವತ್ತು ನಾಚಿಕೆ ಆಯ್ತು. ಅಲ್ಲಿಂದ ಓದೋಕೆ ಶುರು ಮಾಡಿದೆ, ತಿಳಿದ ಡಾಕ್ಟರುಗಳನ್ನ, ನರ್ಸಮ್ಮಗಳನ್ನ ಕೇಳಿದೆ. ಹೀಗೆ ತಿಳಿದ ಚರಿತ್ರೆಯನ್ನ ಇಲ್ಲಿ ಬರೆದಿದೀನಿ.

ಮೊದಲು ಒಂದು ಮಾತು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದು ಹೋಗುತ್ತವೆ. ಅದರಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ವರ್ಣತಂತುಗಳ ದೋಷ, ಅಂದರೆ ಬೀಜ ಕೂಡುವಾಗಲೇ ಲೆಕ್ಕ ತಪ್ಪಿರುತ್ತದೆ. ಕೊಡ ಹೊತ್ತಿದ್ದಕ್ಕಲ್ಲ, ಪಪ್ಪಾಯಿ ತಿಂದಿದ್ದಕ್ಕಲ್ಲ, ಅಮಾವಾಸ್ಯೆ ದಿನ ಹೊಸ್ತಿಲು ದಾಟಿದ್ದಕ್ಕಲ್ಲ, ಯಾರದೋ ಕಣ್ಣು ತಾಗಿದ್ದಕ್ಕೂ ಅಲ್ಲ. ನಮ್ಮ ಕಡೆ ಬಸುರು ಇಳಿದ ಹೆಣ್ಣುಮಗಳನ್ನ ಮೊದಲು ಕೇಳೋ ಪ್ರಶ್ನೆ "ಏನ್ ಮಾಡ್ಕೊಂಡಿ?" ಅಂತ. ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ.

ಸೂಲಗಿತ್ತಿ ಮತ್ತು ಪೊಲೀಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕಿನ ನೆಲ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯ. ಹರಪನಹಳ್ಳಿಯನ್ನ 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದರು, 2021ರಲ್ಲಿ ಎಲ್ಲಾ ಸೇರಿ ವಿಜಯನಗರ ಜಿಲ್ಲೆ ಆಯ್ತು. ಬೋರ್ಡು ಬದಲಾದಷ್ಟು ಬೇಗ ಆಸ್ಪತ್ರೆ ಬದಲಾಗಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕೂಡ್ಲಿಗಿ, ಹರಪನಹಳ್ಳಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು.

ಆ ಕಾಲದಲ್ಲಿ ಬಸುರು ಇಳಿದರೆ ಬರುತ್ತಿದ್ದವಳು ಸೂಲಗಿತ್ತಿ. ಎಷ್ಟೋ ಊರುಗಳಲ್ಲಿ ಆಕೆ ನಮ್ಮ ಕೇರಿಯವಳೇ. ಹೊಕ್ಕಳು ಬಳ್ಳಿ ಕೊಯ್ಯೋದು, ಮಾಸು ಹೂಳೋದು, ರಕ್ತದ ಬಟ್ಟೆ ಒಗೆಯೋದು ಮೈಲಿಗೆ ಕೆಲಸ ಅಂತ ನಮ್ಮವರ ತಲೆಗೆ ಕಟ್ಟಿದ್ದರು. ಮೇಲ್ಜಾತಿ ಮನೆಯ ಮಗುವನ್ನ ಮೊದಲು ಮುಟ್ಟಿದ ಕೈಗೆ ಆಮೇಲೆ ಅದೇ ಮನೆಯ ಹೊಸ್ತಿಲಾಚೆಯೇ ಊಟ. ನಮ್ಮ ಪಕ್ಕದ ಸೀಮೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ಕೇರಿಯ ನೂರಾರು ಅಜ್ಜಿಯರಿಗೆ ಒಂದು ಹೆಸರೂ ಉಳಿಯಲಿಲ್ಲ. ಅವರ ಕೈಯಲ್ಲಿ ಅನುಭವ ಇತ್ತು ನಿಜ. ಆದರೆ ಒಳಗೆ ಚೂರು ಉಳಿದು ನಂಜಾದರೆ, ರಕ್ತ ನಿಲ್ಲದೆ ಹೋದರೆ ಅವರ ಹತ್ತಿರ ಮದ್ದು ಇರಲಿಲ್ಲ. ನನ್ನ ಅವ್ವನ ಅಕ್ಕ ಹಂಗೇ ಹೋದಳು. "ಬಸುರು ಇಳಿದು ಮೂರು ದಿನಕ್ಕ ಜ್ವರ ಬಂದು ಹೋದ್ಲು" ಅಂತ ಅವ್ವ ಹೇಳ್ತಿದ್ದಳು. ಅಷ್ಟೇ ಆಕೆಯ ಜೀವನಚರಿತ್ರೆ.

ಇನ್ನೊಂದು ಕಡೆ ಬ್ರಿಟಿಷರ 1860ರ ದಂಡ ಸಂಹಿತೆ. ಅದರ 312ನೇ ಕಲಂ ಪ್ರಕಾರ ಗರ್ಭ ಇಳಿಸುವುದು ಅಪರಾಧವಾಗಿತ್ತು, ತಾನೇ ಇಳಿಸಿಕೊಂಡ ಹೆಂಗಸೂ ಅಪರಾಧಿಯಾಗಿದ್ದಳು. ತಾನಾಗಿ ಇಳಿದದ್ದೋ, ಇಳಿಸಿಕೊಂಡದ್ದೋ ಅಂತ ಹೊರಗಿಂದ ಯಾರು ಹೇಳಬೇಕು? ಬಸವಿ, ದೇವದಾಸಿ ಅಂತ ಬಿಟ್ಟ ನಮ್ಮ ಹೆಣ್ಣುಮಕ್ಕಳು, ಗಂಡ ಸತ್ತವರು, ಗಂಡ ಬಿಟ್ಟವರು ರಕ್ತ ಹೋದರೂ ಬಾಯಿ ಬಿಡದೆ ಒಳಗೇ ಮಲಗುತ್ತಿದ್ದರು. "ಏನ್ ಮಾಡ್ಕೊಂಡಿ?" ಅನ್ನೋ ಪ್ರಶ್ನೆಗೆ ಊರು ಮತ್ತು ಸರ್ಕಾರ ಎರಡೂ ಸೇರಿ ನೀರೆರೆದವು.

ನಮಗೆ ಬೇರೆ ದಾರಿ ತೋರಿಸಿದವರು ಬಾಬಾಸಾಹೇಬರು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಗೆ ಬೆಂಬಲವಾಗಿ ಮಾತಾಡಿದರು. ಸಂತಾನ ನಿಯಂತ್ರಣದ ಬಗ್ಗೆ ಬರೆದದ್ದಕ್ಕೆ ಅಶ್ಲೀಲ ಅಂತ ಕೇಸು ಹಾಕಿಸಿಕೊಂಡಿದ್ದ ರಘುನಾಥ ಕರ್ವೆ ಪರವಾಗಿ 1934ರಲ್ಲಿ ವಕೀಲರಾಗಿ ನಿಂತರು. 1938ರ ನವೆಂಬರ್‌ನಲ್ಲಿ ಅವರ ಪಕ್ಷ ಸಂತಾನ ನಿಯಂತ್ರಣದ ನಿರ್ಣಯವನ್ನ ಮುಂಬೈ ವಿಧಾನಸಭೆಯಲ್ಲಿ ಮಂಡಿಸಿತು. ನಿರ್ಣಯ ಸೋತಿತು. ಆದರೆ ಹೆಣ್ಣಿನ ಗರ್ಭಕೋಶದ ಕಷ್ಟ ರಾಜಕೀಯದ ಪ್ರಶ್ನೆ ಅಂತ ದಾಖಲೆ ಆಯ್ತು. ಇವತ್ತು ಈ ವಿಷಯ ಎತ್ತಿದರೆ "ಅಕ್ಕಾ, ಚಳವಳಿ ವಿಷಯ ಮಾತಾಡ್ರಿ" ಅನ್ನೋ ತಮ್ಮಂದಿರು ದಯವಿಟ್ಟು ಇದನ್ನ ನೆನಪಿಡಿ.

ಚಮಚದ ಕಾಲ

ಸ್ವಾತಂತ್ರ್ಯ ಬಂದ ಮೇಲೆ ಆಸ್ಪತ್ರೆ ಬಂತು, ಆಸ್ಪತ್ರೆ ಜೊತೆ ಡಿ ಅಂಡ್ ಸಿ ಬಂತು. ನಮ್ಮ ಜನ ಅದಕ್ಕೆ "ಡಿಎನ್‌ಸಿ", "ತೊಳಸೋದು" ಅಂತಾರೆ. ಗರ್ಭದ ಬಾಯಿ ಅಗಲಿಸಿ, ಹರಿತವಾದ ಚಮಚದಂಥ ಸಲಕರಣೆಯಿಂದ ಒಳಗೆ ಕೆರೆದು ತೆಗೆಯೋದು. ಆ ಸಲಕರಣೆ ಹತ್ತೊಂಬತ್ತನೇ ಶತಮಾನದ್ದು. ಎಷ್ಟೋ ಜೀವ ಅದು ಉಳಿಸಿದೆ, ಇಲ್ಲ ಅನ್ನಲ್ಲ. ಆದರೆ ಅರಿವಳಿಕೆ ಬೇಕು, ಪಳಗಿದ ಕೈ ಬೇಕು, ಕೈ ತಪ್ಪಿದರೆ ಗರ್ಭಕೋಶಕ್ಕೆ ತೂತು ಬೀಳಬಹುದು, ಒಳಗೋಡೆ ಅಂಟಿಕೊಂಡು ಮುಂದೆ ಮಕ್ಕಳಾಗದೆ ಇರಬಹುದು. ಇದಕ್ಕಿಂತ ಸುರಕ್ಷಿತವಾದ ಹೀರು ನಳಿಕೆಯ ವಿಧಾನವನ್ನ ಚೀನಾದ ವೈದ್ಯರು 1958ರಲ್ಲೇ ಪ್ರಕಟಿಸಿದ್ದರು. ಕೈಯಿಂದಲೇ ನಡೆಸೋ ಸಿರಿಂಜಿನ ಸಲಕರಣೆ 1970ರ ದಶಕದಲ್ಲಿ ಬಂತು. ಹರಿತ ಚಮಚ ಬಿಟ್ಟು ಹೀರು ನಳಿಕೆ ಅಥವಾ ಔಷಧಿ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾನೇ ಇದೆ, ನಮ್ಮ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗದರ್ಶಿಯೂ ಅದನ್ನೇ ಹೇಳುತ್ತೆ. ಹಳ್ಳಿ ಕಡೆ ಚಮಚ ಇನ್ನೂ ಕೈಬಿಟ್ಟಿಲ್ಲ.

2007ರಲ್ಲಿ ನನಗೂ ಇದು ಆಯ್ತು. ಒಂಬತ್ತು ವಾರ. ಬ್ಯಾಕ್‌ಲಾಗ್‌ನಲ್ಲಿ ಕೆಲಸ ಸಿಕ್ಕು ಎರಡು ವರ್ಷ ಆಗಿತ್ತು. ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಬೇರೆ ದಾರಿ ಇದೆ ಅಂತ ಯಾರೂ ಹೇಳಲಿಲ್ಲ. ಬೆಳಿಗ್ಗೆ ತೊಳೆದರು, ಸಂಜೆ ಕಳಿಸಿದರು. ದುಡ್ಡು ಸಂಘದಲ್ಲಿ ಸಾಲ ಎತ್ತಿದ್ದು. ಮೂರು ದಿನ ಸಾಂದರ್ಭಿಕ ರಜೆ ಹಾಕಿ ನಾಲ್ಕನೇ ದಿನ ಆಫೀಸಿಗೆ ಹೋಗಿ ಟಪಾಲು ನೋಂದಾಯಿಸಿದೆ. ಕುರ್ಚಿಗೆ ರಕ್ತ ತಾಗುತ್ತೇನೋ ಅಂತ ಸೀರೆ ಮಡಿಚಿ ಮಡಿಚಿ ಕೂತಿದ್ದೆ. ಇದನ್ನ ಇವತ್ತಿನವರೆಗೂ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ನೋಡಿ. ಹರಿತ ಚಮಚಕ್ಕೆ ಒಗ್ಗಿದ ವ್ಯವಸ್ಥೆ ಒಂದು ಹೆಜ್ಜೆ ಮುಂದೆ ಹೋದರೆ ಗರ್ಭಕೋಶವನ್ನೇ ತೆಗೆಯುತ್ತೆ. 2015ರ ಹೊತ್ತಿಗೆ ಕಲಬುರಗಿಯಲ್ಲಿ ಬಯಲಾದದ್ದು ಅದೇ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶ ಅನವಶ್ಯಕವಾಗಿ ತೆಗೆದರು ಅಂತ ತಾಂಡಾದ ಹೆಂಗಸರೇ ಬೀದಿಗಿಳಿದರು. ಹೊಳೆ ದಾಟಿದರೆ ಸಿಗೋ ರಾಣೆಬೆನ್ನೂರಲ್ಲೂ ಅಂಥದೇ ದೂರು ಎದ್ದಿತು. ನಮ್ಮ ಹರಪನಹಳ್ಳಿ, ಹಡಗಲಿ ತಾಂಡಾಗಳಲ್ಲಿ ಮೂವತ್ತೈದಕ್ಕೇ "ಚೀಲ ತೆಗಸೀನಿ" ಅನ್ನೋ ಅಕ್ಕಂದಿರು ಎಷ್ಟು ಜನ ಇದಾರೆ, ನೀವೇ ಎಣಿಸಿ.

ಹೊಟ್ಟೆಹುಣ್ಣಿನ ಗುಳಿಗೆ

ಈಗ ಗುಳಿಗೆ ಕತೆಗೆ ಬರ್ತೀನಿ. ಹೆಸರು ಮಿಸೊಪ್ರೊಸ್ಟಾಲ್. 1973ರಲ್ಲಿ ಅಮೆರಿಕದ ಸರ್ಲ್ ಕಂಪನಿ ಇದನ್ನ ಕಂಡುಹಿಡಿದದ್ದು ಹೊಟ್ಟೆಹುಣ್ಣಿಗೆ. 1986ರಲ್ಲಿ ಬ್ರೆಜಿಲ್ ದೇಶದ ಔಷಧ ಅಂಗಡಿಗೆ ಬಂತು. ಬಸುರಿಯರು ತಗೋಬಾರದು ಅನ್ನೋ ಎಚ್ಚರಿಕೆ ಅದರ ಜೊತೆಗಿತ್ತು. ಗರ್ಭಪಾತ ನಿಷೇಧ ಇದ್ದ ಆ ದೇಶದ ಹೆಂಗಸರು, ಬಡ ಹೆಂಗಸರು, ಆ ಎಚ್ಚರಿಕೆಯನ್ನ ತಿರುಗಿಸಿ ಓದಿದರು. ಗರ್ಭಕೋಶ ಹಿಂಡಿ ಒಳಗಿದ್ದದ್ದನ್ನ ಹೊರಹಾಕೋ ಗುಣ ಇದಕ್ಕಿದೆ ಅಂತ ಬಾಯಿಂದ ಬಾಯಿಗೆ ಹರಡಿತು. ಕಡ್ಡಿ, ಕೊಳವೆ ಹಾಕಿಸಿಕೊಂಡು ನಂಜಾಗಿ ಬರುತ್ತಿದ್ದವರು ಕಡಿಮೆಯಾದದ್ದನ್ನ ಅಲ್ಲಿನ ಆಸ್ಪತ್ರೆ ಡಾಕ್ಟರುಗಳು ಗಮನಿಸಿದರು. ಆಮೇಲೆ ವಿಜ್ಞಾನಿಗಳು ಬಂದರು. 1991ರಲ್ಲಿ ಬ್ರೆಜಿಲ್ ಸರ್ಕಾರ ಮಾರಾಟಕ್ಕೆ ನಿರ್ಬಂಧ ಹಾಕಿತು. ತಿಳಿವಳಿಕೆ ಬಡವರ ಕೈಗೆ ಬಂದರೆ ಮೊದಲು ಬೀಗ ಬೀಳೋದು ಅದಕ್ಕೇ ಅಲ್ವಾ!

ಇದರ ಜೋಡಿ ಗುಳಿಗೆ ಮಿಫೆಪ್ರಿಸ್ಟೋನ್. 1980ರಲ್ಲಿ ಫ್ರಾನ್ಸಿನಲ್ಲಿ ತಯಾರಾಗಿ 1988ರಲ್ಲಿ ಅಲ್ಲೇ ಒಪ್ಪಿಗೆ ಪಡೆಯಿತು. ಬಸಿರು ನಿಲ್ಲಿಸಿಕೊಳ್ಳೋ ಹಾರ್ಮೋನಿನ ಕೆಲಸವನ್ನ ಇದು ತಡೆಯುತ್ತೆ, ಗರ್ಭಕೋಶವನ್ನ ಎರಡನೇ ಗುಳಿಗೆಗೆ ಸಿದ್ಧ ಮಾಡುತ್ತೆ. ಭಾರತಕ್ಕೆ 2002ರಲ್ಲಿ ಒಪ್ಪಿಗೆ ಸಿಕ್ಕಿತು, 2008ರಲ್ಲಿ ಎರಡೂ ಸೇರಿದ ಕಿಟ್‌ಗೆ.

ಇದರಲ್ಲಿ ನಮ್ಮ ಕನ್ನಡ ನೆಲದ ಪಾಲೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಒಂದು ಅಧ್ಯಯನ ಮಾಡಿದರು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ, 1,620 ಹೆಂಗಸರು. ಹೆರಿಗೆಯಾದ ಕೂಡಲೇ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ಬರೀ ಪುಡಿ ಗುಳಿಗೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂ ನರ್ಸುಗಳು. ಹೆರಿಗೆ ನಂತರದ ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು, ಜಗತ್ತೇ ತಿರುಗಿ ನೋಡಿತು. ಫ್ರಿಜ್ ಬೇಡ, ಸೂಜಿ ಬೇಡ, ಬೆಲೆ ಕಡಿಮೆ, ಹಳ್ಳಿ ನರ್ಸಮ್ಮನ ಕೈಯಲ್ಲೂ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ಕಲಿಸಿದ್ದು ನಮ್ಮ ಉತ್ತರ ಕರ್ನಾಟಕದ ಹಳ್ಳಿ ಹೆಂಗಸರ ಮೈ. ಬರೀ ಪುಡಿ ಗುಳಿಗೆ ನುಂಗಿ ರಕ್ತ ಸುರಿಸಿದವರ ಋಣವೂ ಅದರಲ್ಲಿದೆ.

ಬಸುರು ಇಳಿದಾಗ ಇದೇ ಗುಳಿಗೆ ಎಷ್ಟು ಕೆಲಸಕ್ಕೆ ಬರುತ್ತೆ ಅಂತಲೂ ಅಳೆದಿದ್ದಾರೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಿಸೊಪ್ರೊಸ್ಟಾಲ್ ಒಂದರಿಂದಲೇ ಎಂಟು ದಿನದೊಳಗೆ ನೂರಕ್ಕೆ 84 ಜನರಿಗೆ ಪೂರ್ತಿ ಹೊರಬಂತು. ಹೀರು ನಳಿಕೆಯಲ್ಲಿ ನೂರಕ್ಕೆ 97. 2018ರ ಇನ್ನೊಂದು ಅಧ್ಯಯನ ಗರ್ಭ ಒಳಗೇ ನಿಂತು ಹೋದವರದ್ದು. ಅಲ್ಲಿ ಮೊದಲ ಬಾರಿಗೇ ಪೂರ್ತಿ ಹೋದದ್ದು ಮಿಸೊಪ್ರೊಸ್ಟಾಲ್ ಮಾತ್ರ ಕೊಟ್ಟಾಗ 67.1, ಮುಂಚೆ ಮಿಫೆಪ್ರಿಸ್ಟೋನ್ ಕೊಟ್ಟು ಆಮೇಲೆ ಇದನ್ನ ಕೊಟ್ಟಾಗ 83.8. 2009ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಅರೆಬರೆ ಗರ್ಭಪಾತಕ್ಕೂ ಅಗತ್ಯ ಔಷಧ ಅಂತ ಪಟ್ಟಿಗೆ ಸೇರಿಸಿತ್ತು. ಅಂದರೆ ಗುಳಿಗೆ ಎಲ್ಲರಿಗೂ ಸಾಕಾಗಲ್ಲ, ಕೆಲವರಿಗೆ ಕೊನೆಗೆ ಹೀರು ನಳಿಕೆ ಬೇಕಾಗುತ್ತೆ. ಆದರೆ ಬಹಳ ಜನ ಅರಿವಳಿಕೆ ಇಲ್ಲದೆ, ಚಮಚ ಇಲ್ಲದೆ ಪಾರಾಗಬಹುದು. ಯಾವುದು ಬೇಕು ಅಂತ ಆರಿಸೋ ಹಕ್ಕು ಆಕೆಯದು.

ಬೆಳಗಾವಿಯ ಮಗಳು, ಐರ್ಲೆಂಡಿನ ಕಾನೂನು

ಸವಿತಾ ಹಾಲಪ್ಪನವರ್ ನೆನಪಿದಾರಾ? ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆ ಆಸ್ಪತ್ರೆಗೆ ಸೇರಿದಾಗ ಹದಿನೇಳು ವಾರ. ಗರ್ಭ ಉಳಿಯಲ್ಲ ಅಂತ ಡಾಕ್ಟರೇ ಹೇಳಿದ್ದರು. ತೆಗೆದುಬಿಡಿ ಅಂತ ಆಕೆ ಕೇಳಿಕೊಂಡರು. ಬಡಿತ ಇದೆ, ಕಾನೂನು ಒಪ್ಪಲ್ಲ ಅಂದರು. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಆ ಸಾವಿನ ಸಿಟ್ಟಿಗೆ ಐರ್ಲೆಂಡ್ ಜನ ಆರು ವರ್ಷ ಹೋರಾಡಿ 2018ರ ಮೇ ತಿಂಗಳಲ್ಲಿ ಮತ ಹಾಕಿ ಸಂವಿಧಾನವನ್ನೇ ಬದಲಿಸಿದರು.

ಆಕೆಯದು ಎರಡನೇ ತ್ರೈಮಾಸಿಕ, ನಾನು ಬರೀತಿರೋದು ಮೊದಲ ಮೂರು ತಿಂಗಳದ್ದು. ಆದರೂ ಯಾಕೆ ಹೇಳಿದೆ ಅಂದ್ರೆ, ಓದಿದ, ಇಂಗ್ಲಿಷ್ ಬಲ್ಲ, ಸ್ವತಃ ವೈದ್ಯೆಯಾದ ಹೆಣ್ಣಿಗೇ ಆಸ್ಪತ್ರೆ ಮಂಚದ ಮೇಲೆ ದನಿ ಇರಲಿಲ್ಲ. ಇನ್ನು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದ ಕೂಲಿ ಹೆಣ್ಣುಮಗಳ ದನಿ ಯಾರು ಕೇಳ್ತಾರೆ?

ನಮ್ಮಲ್ಲಿ ಕಾನೂನು ಅಷ್ಟು ಕೆಟ್ಟದ್ದಲ್ಲ. 1971ರಲ್ಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ಅದರಲ್ಲಿ ಗರ್ಭನಿರೋಧಕ ವಿಫಲವಾದರೆ ಅನ್ನೋ ಕಡೆ "ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ" ಅಂತ ಬರೆದಿದ್ದರು. ಗಂಡನೇ ಇಲ್ಲದ ದೇವದಾಸಿ ತಾಯಂದಿರು ಆ ವಾಕ್ಯದಲ್ಲಿ ಇರಲೇ ಇಲ್ಲ. 2021ರ ತಿದ್ದುಪಡಿ ಅದನ್ನ "ಮಹಿಳೆ ಅಥವಾ ಆಕೆಯ ಸಂಗಾತಿ" ಅಂತ ಮಾಡಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಅದೇ ಹಕ್ಕು ಅಂತ ಹೇಳಿತು. ವಯಸ್ಕ ಹೆಣ್ಣಿಗೆ ಗಂಡನ ಸಹಿ ಬೇಕು ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಾನಾಗಿ ಬಡಿತ ನಿಂತ ಗರ್ಭಕ್ಕೆ ಚಿಕಿತ್ಸೆ ಕೊಡೋದು ಗರ್ಭಪಾತವೇ ಅಲ್ಲ, ಅದು ಬರೀ ಚಿಕಿತ್ಸೆ. ಆದರೂ ಕೌಂಟರಿನಲ್ಲಿ ಮೊದಲ ಪ್ರಶ್ನೆ "ಗಂಡ ಎಲ್ಲಿ?" ಅಂತ. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದರೆ, ಕಾಫಿ ತೋಟದಲ್ಲಿದ್ದರೆ ರಕ್ತ ಕಾಯುತ್ತಾ?

ಇನ್ನೊಂದು ಅಡ್ಡಿ ಭಯ. 2023ರಲ್ಲಿ ಮಂಡ್ಯದ ಆಲೆಮನೆಯ ಭ್ರೂಣಲಿಂಗ ಪತ್ತೆ ದಂಧೆ ಬಯಲಾಯ್ತು. ಅಂಥವರನ್ನ ಹಿಡಿಯಲೇಬೇಕು, ಹೆಣ್ಣುಕೂಸಿನ ಪರ ನಾವೇ ಮುಂದೆ ನಿಂತವರು. ಆದರೆ ಆ ಹೆಸರಲ್ಲಿ ಔಷಧ ಅಂಗಡಿಯವರು ಚೀಟಿ ಇದ್ದರೂ "ಆ ಗುಳಿಗೆ ನಾವ್ ಇಡಂಗಿಲ್ಲ" ಅಂದರೆ ಶಿಕ್ಷೆ ಆಗೋದು ಬಸುರು ಇಳಿದವಳಿಗೆ.

ಎಚ್ಚರಿಕೆ, ದಯವಿಟ್ಟು

ಇದನ್ನ ಓದಿ ಅಂಗಡಿಯಲ್ಲಿ ಗುಳಿಗೆ ಕೇಳಿ ನುಂಗಬೇಡಿ. ಮೊದಲು ಸ್ಕ್ಯಾನಿಂಗ್ ಬೇಕು. ಬಸಿರು ಗರ್ಭಕೋಶ ಬಿಟ್ಟು ನಳಿಕೆಯಲ್ಲಿ ಕೂತಿದ್ದರೆ ಗುಳಿಗೆ ಕೆಲಸ ಮಾಡಲ್ಲ, ನಳಿಕೆ ಒಡೆದರೆ ಜೀವಕ್ಕೇ ಕುತ್ತು. ರಕ್ತ ಎಷ್ಟಿದೆ ನೋಡಬೇಕು, ಯಾಕಂದ್ರೆ ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ರಕ್ತಹೀನತೆ ಅಂತ ಸರ್ಕಾರದ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಡಾಕ್ಟರಿಗೆ ಹೇಳಿ. ಗುಳಿಗೆ ತಗೊಂಡ ಮೇಲೆ ಮುಟ್ಟಿಗಿಂತ ಜೋರು ನೋವು, ರಕ್ತ, ಗೆಡ್ಡೆ ಹೋಗೋದು ಸಹಜ. ಆದರೆ ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು ಅದು ಎರಡು ಗಂಟೆ ಹಂಗೇ ಮುಂದುವರಿದರೆ, ತಲೆ ತಿರುಗಿ ಬಿದ್ದರೆ, ಮರುದಿನವೂ ಜ್ವರ ಇದ್ದರೆ, ವಾಸನೆ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಆರು ವಾರ

ನನ್ನ ಕಸುಬು ಫೈಲು. 2013ರಲ್ಲಿ ಸಹೋದ್ಯೋಗಿಯೊಬ್ಬರ ರಜೆ ಅರ್ಜಿಗೆ ಟಿಪ್ಪಣಿ ಬರೆಯೋವಾಗ ಸೇವಾ ನಿಯಮಾವಳಿ ತೆಗೆದೆ. ಗರ್ಭಪಾತವಾದ ನೌಕರಳಿಗೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಆರು ವಾರದವರೆಗೆ ರಜೆ ಅಂತ ಇತ್ತು. ಹೆರಿಗೆ ರಜೆಯ ನಿಯಮದ ಒಳಗೇ ಇತ್ತು. ಮೂರು ದಿನಕ್ಕೆ ಎದ್ದು ಬಂದ ನಾನು ಆ ಪುಟ ನೋಡ್ತಾ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ನನ್ನ ಟೇಬಲ್ ಪಕ್ಕದ ಬೀರುವಿನಲ್ಲೇ ಇತ್ತು ಆ ಪುಸ್ತಕ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಂನಲ್ಲೂ ಇದೇ ಆರು ವಾರ ಇತ್ತು, ಸಂಬಳ ಸಮೇತ. ಕಾರ್ಖಾನೆ, ಗಣಿ, ತೋಟದ ಕೆಲಸಗಾರರಿಗೆ. ಕೂಡ್ಲಿಗಿ, ಹರಪನಹಳ್ಳಿಯಿಂದ ಕಾಫಿ ಸೀಮೆಗೆ ಹೋಗೋ ನಮ್ಮ ಅಕ್ಕತಂಗಿಯರಲ್ಲಿ ಒಬ್ಬರಿಗಾದರೂ ಇದನ್ನ ಯಾರಾದರೂ ಹೇಳಿದ್ದಾರಾ? ಹೊಲದ ಕೂಲಿಯವಳಿಗಂತೂ ಕಾಗದದ ಮೇಲೂ ಇಲ್ಲ.

ಹಾಗಾಗಿ ನಾಲ್ಕು ಬೇಡಿಕೆ. ಐದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎರಡೂ ಗುಳಿಗೆ ಮತ್ತು ಹೀರು ನಳಿಕೆ ಸಲಕರಣೆ ವರ್ಷಪೂರ್ತಿ ಇರಬೇಕು. ಕಾಯೋದು, ಗುಳಿಗೆ, ನಳಿಕೆ, ಮೂರೂ ದಾರಿಯನ್ನ ಕನ್ನಡದಲ್ಲಿ ಬರೆದು ಗೋಡೆಗೆ ಹಾಕಬೇಕು. ಗಂಡನ ಹೆಸರು, ಸಹಿ ಕೇಳಿ ಚಿಕಿತ್ಸೆ ತಡೆಯಬಾರದು. ಆಶಾ ಅಕ್ಕಂದಿರಿಗೆ ಇದರ ತರಬೇತಿ ಕೊಡಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ರಾಜ್ಯವೆಲ್ಲಾ ಮಾತಾಡಿತು. ಮೊದಲ ಮೂರು ತಿಂಗಳಲ್ಲಿ ಮನೆಯೊಳಗೆ ರಕ್ತ ಹೋಗಿ ಸೊರಗೋರ ಬಗ್ಗೆ ಯಾವ ಪೇಪರೂ ಬರೆಯಲ್ಲ. ನಾವೇ ಬರೀಬೇಕು.

ಅಣ್ಣನ ಮಗಳ ಕತೆ ಹೇಳ್ತೀನಿ. ಸರ್ಕಾರಿ ಆಸ್ಪತ್ರೆ ಡಾಕ್ಟರಮ್ಮ ರಕ್ತ ನೋಡಿ, ಸ್ಕ್ಯಾನಿಂಗ್ ಮತ್ತೊಮ್ಮೆ ನೋಡಿ ಗುಳಿಗೆ ಕೊಟ್ಟರು. ನಾನು ಎರಡು ದಿನ ರಜೆ ಹಾಕಿ ಅವಳ ಜೊತೆ ಇದ್ದೆ. ರಾತ್ರಿ ನೋವು ಜೋರಿತ್ತು, ಬೆಳಗಿನ ಜಾವಕ್ಕೆ ಇಳಿಯಿತು. ಎರಡು ವಾರದ ನಂತರದ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಅಂತ ಬಂತು. ಅವಳ ಗಂಡ ಬಕೆಟ್ ತಂದಿಟ್ಟು ಹೊರಗೆ ಕೂತಿದ್ದ. "ನೀ ಒಳಗ ಬಾ, ಕೈ ಹಿಡ್ಕೋ" ಅಂದೆ. ಬಂದ, ಬೆಳಗಾಗೋವರೆಗೂ ಕೂತ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಹೋಗಿ ಗಂಜಿ ಕಾಸಿದಳು. ಬಟ್ಟಲು ಸೊಸೆ ಕೈಗೆ ಕೊಡುವಾಗ ಹೇಳಿದಳು: "ನಂಗೂ ಎರಡು ಇಳಿದಿದ್ವು ಬೇ. ಯಾರ್ ಮುಂದೂ ಹೇಳಿದ್ದಿಲ್ಲ."

ನಿಮ್ಮ ಮನೆಯಲ್ಲೂ ಹೇಳದೆ ಉಳಿದವರು ಇರ್ತಾರೆ. ಇವತ್ತು ಸಂಜೆ ಕೇಳಿ. "ಏನ್ ಮಾಡ್ಕೊಂಡಿ" ಅಂತ ಅಲ್ಲ, "ಹೆಂಗಿದ್ದಿ" ಅಂತ.

ಜೈಭೀಮ್.